ಒಂದು ಸ್ಕ್ರೂಗೆ ಒಂದೇ ಕೆಲಸ: ಕೈಗೆ ಹದವಾಗೋ ಮೋರ್ಸ್ ಕೀ ಮಾಡೋದು

ಎಲ್ಲರಿಗೂ ನಮಸ್ಕಾರ. ಮೋರ್ಸ್ ಕೀ ಮಾಡೋದರ ಬಗ್ಗೆ ಆವತ್ತು ಮಾತಾಡಿದ್ದನ್ನ ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರು, ಅದಕ್ಕೆ ಹೇಳಿದ್ದನ್ನ ಹೆಚ್ಚುಕಮ್ಮಿ ಹಾಗೇ ಇಲ್ಲಿ ಬರೀತಿದೀನಿ. ಬೋರ್ಡ್ ಮೇಲೆ ಹಾಕಿದ ಲೆಕ್ಕನ ಮಾತಲ್ಲೇ ಸೇರಿಸಿದೀನಿ, ಮಧ್ಯೆ ನೀವು ಕೇಳಿದ ಪ್ರಶ್ನೆಗಳನ್ನೂ ಅಲ್ಲಲ್ಲೇ ಇಟ್ಟಿದೀನಿ.

ಸ್ಟ್ರೇಟ್ ಕೀ, ಅಂದ್ರೆ ಮೋರ್ಸ್ ಕೋಡ್ ಕಳಿಸೋಕೆ ಕೈಯಲ್ಲಿ ಬಡಿಯೋ ಸ್ವಿಚ್ಚು, ನೋಡೋಕೆ ಬಹಳ ಸರಳ. ಒಂದು ಲಿವರ್, ಒಂದು ಸ್ಪ್ರಿಂಗ್, ಎರಡು ಕಾಂಟ್ಯಾಕ್ಟ್, ಒಂದು ನಾಬ್. ಒತ್ತಿದ್ರೆ ಸರ್ಕ್ಯೂಟ್ ಕೂಡತ್ತೆ, ಬಿಟ್ರೆ ಬಿಟ್ಕೊಳತ್ತೆ. 1844ರ ಮೇ 24ಕ್ಕೆ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ಮೋರ್ಸ್ ಸಂದೇಶ ಹೋಯ್ತಲ್ಲ, ಆ ಕಾಲದ ಕೀಗಳು ಇದಕ್ಕಿಂತಾನೂ ಸರಳ, ಬಾಗೋ ಲೋಹದ ಪಟ್ಟಿ, ತುದೀಲಿ ಹಿಡಿಯೋಕೊಂದು ಗುಂಡು, ಅಷ್ಟೇ. ಅಂಥಾದ್ರಲ್ಲಿ ಡಿಸೈನ್ ಮಾಡೋಕೆ ಏನಿದೆ ಅಂತ ನಾನೂ ಅಂದ್ಕೊಂಡಿದ್ದೆ. ಮಾಡೋಕೆ ಕೂತಾಗ ಗೊತ್ತಾಯ್ತು, ಒತ್ತಿದ್ರೆ ಕೂಡೋ ಹಾಗೆ ಮಾಡೋದು ಒಂದು ಮಧ್ಯಾಹ್ನದ ಕೆಲಸ, ನಮ್ಮ ಕೈಗೆ ಹದ ಮಾಡ್ಕೊಂಡು ಆ ಹದ ನಾಳೆನೂ ಅಲ್ಲೇ ಇರೋ ಹಾಗೆ ಮಾಡೋದಕ್ಕೆ ನನಗೆ ಮೂರು ಕೀ ಬೇಕಾಯ್ತು.

ಹದ ಯಾಕೆ ಅಷ್ಟು ಮುಖ್ಯ ಅಂದ್ರೆ ಟೈಮಿಂಗ್ ನೋಡಿ. ಮೋರ್ಸ್‌ನ ಚಿಕ್ಕ ಸದ್ದು ಡಿಟ್ ಒಂದು ಯೂನಿಟ್, ಉದ್ದ ಸದ್ದು ಡಾ ಮೂರು, ಅಕ್ಷರದೊಳಗಿನ ಬಿಡುವು ಒಂದು, ಅಕ್ಷರ ಅಕ್ಷರದ ಮಧ್ಯೆ ಮೂರು, ಪದ ಪದದ ಮಧ್ಯೆ ಏಳು. ವೇಗ ಅಳೆಯೋಕೆ ಪ್ಯಾರಿಸ್ ಅನ್ನೋ ಪದ ಇಟ್ಕೋತಾರೆ, ಅದು ಕೊನೇ ಬಿಡುವೂ ಸೇರಿ ಸರಿಯಾಗಿ 50 ಯೂನಿಟ್. ಆ ಲೆಕ್ಕದಲ್ಲಿ 1200ನ್ನ ನಿಮಿಷಕ್ಕೆಷ್ಟು ಪದ ಅನ್ನೋದ್ರಿಂದ ಭಾಗಿಸಿದ್ರೆ ಒಂದು ಡಿಟ್ ಎಷ್ಟು ಮಿಲಿಸೆಕೆಂಡ್ ಅಂತ ಸಿಗತ್ತೆ. 12 ಪದಕ್ಕೆ 100, 20 ಪದಕ್ಕೆ 60. ಅರವತ್ತು ಮಿಲಿಸೆಕೆಂಡ್ ಕೂಡಿರ್ಬೇಕು, ಅರವತ್ತು ಬಿಟ್ಟಿರ್ಬೇಕು, ಅಷ್ಟರೊಳಗೇ ಬೆರಳು ಕೆಳಗೆ ಹೋಗಿ ಮೇಲೆ ಬರ್ಬೇಕು. ಗ್ಯಾಪ್, ಅಂದ್ರೆ ಎರಡು ಕಾಂಟ್ಯಾಕ್ಟ್ ಮಧ್ಯದ ಸಂದು, ಜಾಸ್ತಿ ಇದ್ರೆ ಬೆರಳು ಗಾಳೀಲಿ ಓಡಾಡೋದೇ ಆಗತ್ತೆ, ಡಿಟ್‌ಗಳು ಸವೆದು ಚಿಕ್ಕದಾಗತ್ವೆ. ಗ್ಯಾಪ್ ಬಹಳ ಕಮ್ಮಿ ಇದ್ದು ಸ್ಪ್ರಿಂಗ್ ಮೆತ್ತಗಿದ್ರೆ ಡಿಟ್ ಡಿಟ್ ಒಂದಕ್ಕೊಂದು ಅಂಟ್ಕೊಂಡು ನಾಲ್ಕು ಡಿಟ್ ಇರೋ ಎಚ್ ಅಕ್ಷರ ಹೋಗಿ ಇನ್ನೇನೋ ಆಗತ್ತೆ. ಸ್ಪ್ರಿಂಗ್ ಗಟ್ಟಿ ಇದ್ರೆ ಅರ್ಧ ಗಂಟೇಲಿ ಮುಂಗೈ ನೋವು. ಇದು ಚಿಕ್ಕ ವಿಷಯ ಅಲ್ಲ, ಹಳೇ ತಂತಿ ಆಪರೇಟರ್‌ಗಳಿಗೆ ಕೈ ಸೆಟೆದುಹೋಗೋ ಕಾಯಿಲೆ ಎಷ್ಟಿತ್ತು ಅಂದ್ರೆ ಬ್ರಿಟನ್‌ನಲ್ಲಿ 1908ರಲ್ಲಿ ಅದನ್ನ ಪರಿಹಾರ ಕೊಡಬೇಕಾದ ಔದ್ಯೋಗಿಕ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ರು. ಅಮೆರಿಕಾದವರು ಗಾಜಿನ ಕೈ ಅಂತಿದ್ರು ಅದಕ್ಕೆ.

ಹಾಗಾಗಿ ಅಡ್ಜಸ್ಟ್‌ಮೆಂಟ್ ಅನ್ನೋದು ಕೀಗೆ ಆಮೇಲೆ ಸೇರಿಸೋ ಅಲಂಕಾರ ಅಲ್ಲ, ಕೀ ಅಂದ್ರೇನೇ ಅದು. ಆದ್ರೆ ಸ್ಕ್ರೂ ಇದೆ ಅಂದ ಮಾತ್ರಕ್ಕೆ ಅಡ್ಜಸ್ಟ್ ಆಗತ್ತೆ ಅಂತಲ್ಲ. ನನ್ನ ಕೈಗೆ ಬಂದಿರೋ ಸುಮಾರು ಕೀಗಳಲ್ಲಿ ಗ್ಯಾಪ್ ಸ್ಕ್ರೂ ತಿರುಗಿಸಿದ್ರೆ ಸ್ಪ್ರಿಂಗ್ ಬಿಗಿನೂ ಬದಲಾಗತ್ತೆ, ಸ್ಪ್ರಿಂಗ್ ಸರಿ ಮಾಡೋಕೆ ಹೋದ್ರೆ ಗ್ಯಾಪ್ ಜರುಗತ್ತೆ, ಸ್ಕ್ರೂ ಜರುಗದ ಹಾಗೆ ಹಿಡಿಯೋ ಲಾಕ್‌ನಟ್ ಬಿಗಿ ಮಾಡಿದ್ರೆ ಎರಡೂ ಹಾಳು. ಒಂದನ್ನ ಹಿಡಿಯೋಕೆ ಹೋದ್ರೆ ಇನ್ನೊಂದು ಕೈ ತಪ್ಪತ್ತೆ. ನಾನು ಇವತ್ತು ಹೇಳೋದೆಲ್ಲ ಒಂದೇ ವಿಷಯ: ಒಂದು ಸ್ಕ್ರೂ ತಿರುಗಿಸಿದ್ರೆ ಒಂದೇ ಸಂಗತಿ ಬದಲಾಗ್ಬೇಕು, ಕೈ ಬಿಟ್ಟ ಮೇಲೆ ಅದು ಅಲ್ಲೇ ಇರ್ಬೇಕು.

ಮೊದಲನೇ ಕೀ ಮರದ ಹಲಗೆ ಮೇಲೆ ಮಾಡಿದ್ದೆ. ಲಿವರ್ ನಿಂತಿರೋ ಕಂಬ ಒಂದು ಕಡೆ, ಕೆಳಗಿನ ಕಾಂಟ್ಯಾಕ್ಟ್ ಇನ್ನೊಂದು ಕಡೆ, ಎರಡೂ ಮರಕ್ಕೆ ನೇರವಾಗಿ ಸ್ಕ್ರೂ ಹಾಕಿ ಕೂರಿಸಿದ್ದೆ. ನೋಡೋಕೆ ತುಂಬ ಚೆನ್ನಾಗಿತ್ತು. ರಾತ್ರಿ 0.2 ಮಿ.ಮೀ. ಗ್ಯಾಪ್ ಇಟ್ಟು ಮಲಗಿದ್ರೆ ತೇವದ ದಿನ ಬೆಳಿಗ್ಗೆ ಎದ್ದು ನೋಡಿದ್ರೆ ಕಾಂಟ್ಯಾಕ್ಟ್ ಕೂಡ್ಕೊಂಡೇ ಇರೋದು, ರೇಡಿಯೋ ಆನ್ ಮಾಡಿದ್ರೆ ಒಂದೇ ಸಮ ಸಿಗ್ನಲ್ ಹೋಗ್ತಾನೇ ಇರೋದು. ಮರ ತೇವ ಹೀರ್ಕೊಂಡು ಉಬ್ಬತ್ತೆ, ಒಣಗಿದ್ರೆ ಕುಗ್ಗತ್ತೆ, ಸ್ವಲ್ಪ ತಿರುಚ್ಕೊಳತ್ತೆ, ನಾವು ಹಿಡಿಯೋಕೆ ಹೊರಟಿರೋದು ಎರಡು ಕಾಗದದ ದಪ್ಪ. ಮರ ಬೇಕು ಅಂದ್ರೆ ಕೆಳಗಿರಲಿ, ಚೆಂದಕ್ಕಿರಲಿ, ಆದ್ರೆ ಪಿವಟ್ (ಲಿವರ್ ತೂಗೋ ಅಚ್ಚು), ಕಾಂಟ್ಯಾಕ್ಟ್, ಹಿಂದಿನ ಸ್ಟಾಪ್ (ಲಿವರ್ ಎಷ್ಟು ಮೇಲೇಳಬೇಕು ಅಂತ ತಡೆಯೋ ಸ್ಕ್ರೂ) ಮೂರೂ ಒಂದೇ ಲೋಹದ ತಟ್ಟೆ ಮೇಲೆ ನಿಂತಿರ್ಬೇಕು. ಇದ್ರಲ್ಲಿ ರಾಜಿ ಬೇಡ.

ಎರಡನೇ ಕೀನಲ್ಲಿ ಲೋಹದ ತಟ್ಟೆ ಹಾಕಿದೆ, ಆ ತೊಂದ್ರೆ ಹೋಯ್ತು, ಲಾಕ್‌ನಟ್ ತೊಂದ್ರೆ ಎದ್ದು ಕಾಣೋಕೆ ಶುರುವಾಯ್ತು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಗೊತ್ತಾದ ಮೇಲೆ ಕೀ ಮಾತ್ರ ಅಲ್ಲ ಯಾವ ಸಣ್ಣ ಅಡ್ಜಸ್ಟ್‌ಮೆಂಟ್ ನೋಡೋ ರೀತಿನೂ ಬದಲಾಯ್ತು ನನಗೆ. ಸ್ಕ್ರೂ ಮತ್ತೆ ಅದು ಕೂತಿರೋ ತೂತಿನ ಥ್ರೆಡ್ ಮಧ್ಯೆ ಯಾವಾಗ್ಲೂ ಸ್ವಲ್ಪ ಸಡಿಲ ಇದ್ದೇ ಇರತ್ತೆ, ಇಲ್ದಿದ್ರೆ ತಿರುಗೋದೇ ಇಲ್ಲ. ಸ್ಪ್ರಿಂಗ್ ತಳ್ತಾ ಇರೋದ್ರಿಂದ ಸ್ಕ್ರೂನ ಥ್ರೆಡ್ ಒಂದು ಕಡೆ ಮುಖಕ್ಕೆ ಒತ್ಕೊಂಡಿರತ್ತೆ. ನೀವು ಆ ಸ್ಥಿತೀಲಿ ಗ್ಯಾಪ್ ಹೊಂದಿಸ್ತೀರಿ. ಆಮೇಲೆ ಲಾಕ್‌ನಟ್ ಬಿಗಿ ಮಾಡ್ತೀರಿ. ನಟ್ ಕೆಲಸ ಏನು, ಸ್ಕ್ರೂನ ತನ್ನ ಕಡೆಗೆ ಎಳೆಯೋದು. ಎಳೆದಾಗ ಥ್ರೆಡ್ ಆ ಮುಖ ಬಿಟ್ಟು ಎದುರಿನ ಮುಖಕ್ಕೆ ಹೋಗಿ ಕೂರತ್ತೆ, ಇರೋ ಸಡಿಲ ಅಷ್ಟೂ ಗ್ಯಾಪಿಗೆ ಸೇರತ್ತೆ ಇಲ್ಲಾ ಗ್ಯಾಪಿಂದ ಹೋಗತ್ತೆ. ಜೊತೆಗೆ ನಟ್ ತಿರುಗೋವಾಗ ಸ್ಕ್ರೂನೂ ಒಂಚೂರು ತಿರುಗತ್ತೆ. ಆಗ ನಾವೇನ್ ಮಾಡ್ತೀವಿ, ಎಷ್ಟು ಜರುಗತ್ತೆ ಅಂತ ಅಂದಾಜು ಮಾಡಿ ಮುಂಚೇನೇ ತಪ್ಪಾಗಿ ಇಟ್ಟು ಆಮೇಲೆ ಬಿಗಿ ಮಾಡ್ತೀವಿ, ಅದೊಂದು ವಿದ್ಯೆ ಅನ್ನೋ ಹಾಗೆ. ಅದು ವಿದ್ಯೆ ಅಲ್ಲ, ಡಿಸೈನ್ ತಪ್ಪು.

ಪರಿಹಾರ ಸರಳ. ಲಾಕ್‌ನಟ್ ಬಿಟ್ಬಿಡಿ. ಸ್ಕ್ರೂ ಕೂರೋ ತೂತಿಗೆ ಟ್ಯಾಪ್ ಹಾಕಿ ಥ್ರೆಡ್ ಕೊರೆದ ಮೇಲೆ ಪಕ್ಕದಿಂದ ಹ್ಯಾಕ್ಸಾ ಬ್ಲೇಡಲ್ಲಿ ತೂತಿನ ತನಕ ಒಂದು ಸೀಳು ಹಾಕಿ, ಆ ಸೀಳನ್ನ ಅಡ್ಡ ಹಾಯೋ ಹಾಗೆ ಒಂದು ಎಂ3, ಅಂದ್ರೆ 3 ಮಿ.ಮೀ. ದಪ್ಪದ, ಸ್ಕ್ರೂ ಹಾಕಿ. ಅದನ್ನ ಬಿಗಿ ಮಾಡಿದ್ರೆ ತೂತು ಸುತ್ತಲಿಂದ ಸ್ಕ್ರೂನ ತಬ್ಕೊಳತ್ತೆ, ಮೇಲೆ ಕೆಳಗೆ ಎಳೆಯೋದಿಲ್ಲ. ಇನ್ನೂ ಒಳ್ಳೇದು ಅಂದ್ರೆ ಆ ಅಡ್ಡ ಸ್ಕ್ರೂನ ಸ್ವಲ್ಪ ಬಿಗಿಯಲ್ಲೇ ಇಟ್ಕೊಂಡು ಬಿಡಿ, ಅಡ್ಜಸ್ಟ್ ಸ್ಕ್ರೂ ಬೆರಳಲ್ಲಿ ತಿರುಗ್ಬೇಕು ಆದ್ರೆ ತಾನಾಗೇ ಜರುಗಬಾರ್ದು. ಆಗ ಲಾಕ್ ಮಾಡೋ ಕೆಲಸವೇ ಇಲ್ಲ, ಒಂದು ಕಡೆ ಕೆಲಸ ಮಾಡ್ತಾ ಮಾಡ್ತಾನೇ ಗ್ಯಾಪ್ ತಿದ್ಕೋಬಹುದು. ನನ್ನ ಮೂರನೇ ಕೀನಲ್ಲಿ ಎರಡು ಸೀಳು ಇದೆ, ಒಂದು ಲಿವರ್ ಹಿಂಬದಿ ತುದೀಲಿ, ಒಂದು ಸ್ಪ್ರಿಂಗ್ ಸ್ಕ್ರೂಗೆ.

ಈಗ ಮೂರನೇದರ ಅಳತೆ ಹೇಳ್ತೀನಿ. ಪಿವಟ್‌ನಿಂದ ನಾಬ್ ನಡುವಿಗೆ 80 ಮಿ.ಮೀ. ಮುಂದಿನ ಕಾಂಟ್ಯಾಕ್ಟ್ ಪಿವಟ್‌ನಿಂದ 40ಕ್ಕೆ. ಸ್ಪ್ರಿಂಗ್ 20ಕ್ಕೆ, ಕೆಳಗಿಂದ ಮೇಲಕ್ಕೆ ತಳ್ಳತ್ತೆ. ಹಿಂದೆ ಲಿವರ್ ಬಾಲದಲ್ಲಿ ಸ್ಟಾಪ್ ಸ್ಕ್ರೂ, ಅದೂ ಸರಿಯಾಗಿ 40ಕ್ಕೆ. ಈ 40 ಮತ್ತೆ 40 ಬೇಕು ಅಂತಾನೇ ಇಟ್ಟಿದ್ದು. ಹಿಂದೆ ಸ್ಟಾಪ್ ಎಷ್ಟು ಜರುಗತ್ತೋ ಮುಂದೆ ಗ್ಯಾಪ್ ಅಷ್ಟೇ ಬದಲಾಗತ್ತೆ, ತಲೇಲಿ ಗುಣಾಕಾರ ಬೇಡ. ಸ್ಟಾಪ್ ಸ್ಕ್ರೂ ಸಾಮಾನ್ಯ ಎಂ4 ಅಲ್ಲ, ಸಣ್ಣ ಥ್ರೆಡ್‌ನ ಎಂ4, ಪಿಚ್, ಅಂದ್ರೆ ಒಂದು ಸುತ್ತಿಗೆ ಜರುಗೋ ದೂರ, 0.5 ಮಿ.ಮೀ. ಸಾಮಾನ್ಯ ಎಂ4 ಪಿಚ್ 0.7, ಅದಕ್ಕೆ 3.3 ಡ್ರಿಲ್, ಇದಕ್ಕೆ 3.5. ಸ್ಕ್ರೂ ತಲೆ ಮೇಲೆ ಹತ್ತು ಗೆರೆ ಕೊರೆದಿದೀನಿ, ಒಂದು ಗೆರೆ ಅಂದ್ರೆ 0.05 ಮಿ.ಮೀ. ಗ್ಯಾಪ್, ನಾಬ್ ಹತ್ರ ಅದು 0.1 ಆಗಿ ಬೆರಳಿಗೆ ತಿಳಿಯತ್ತೆ. ಸಣ್ಣ ಥ್ರೆಡ್ ಟ್ಯಾಪ್ ಸಿಗದಿದ್ರೆ ಎಂ3 ಹಾಕಿ, ಅದರ ಪಿಚ್ ಹೇಗೂ 0.5. ಇನ್ನೂ ಸೂಕ್ಷ್ಮ ಬೇಕು ಅನ್ನೋರು ಒಂದೇ ಕಡ್ಡಿ ಮೇಲೆ 0.7 ಮತ್ತೆ 0.5 ಎರಡೂ ಥ್ರೆಡ್ ಹಾಕಿ ಒಂದು ಸುತ್ತಿಗೆ 0.2 ಬರೋ ಹಾಗೆ ಮಾಡ್ಬಹುದು, ಮಾಡಿ ನೋಡಿದೀನಿ, ಕೀಗೆ ಅಷ್ಟು ಬೇಡ ಅನ್ನೋದು ನನ್ನ ಅಭಿಪ್ರಾಯ.

ಸ್ಪ್ರಿಂಗ್‌ಗೆ ಬರೋಣ, ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಸ್ಪ್ರಿಂಗ್‌ನ ಗಡಸುತನ ತಂತಿ ದಪ್ಪದ ನಾಲ್ಕನೇ ಘಾತಕ್ಕೆ ಏರತ್ತೆ, ಸುರುಳಿಯ ವ್ಯಾಸದ ಮೂರನೇ ಘಾತಕ್ಕೆ ಇಳಿಯತ್ತೆ, ಸುತ್ತು ಜಾಸ್ತಿ ಆದಷ್ಟೂ ಮೆತ್ತಗಾಗತ್ತೆ. 0.5 ಮಿ.ಮೀ. ಉಕ್ಕಿನ ತಂತಿ, 5 ಮಿ.ಮೀ. ವ್ಯಾಸ, 8 ಸುತ್ತು ತಗೊಂಡ್ರೆ ಮಿ.ಮೀ.ಗೆ ಸುಮಾರು 0.62 ನ್ಯೂಟನ್ ಬರತ್ತೆ. ಉಳಿದದ್ದೆಲ್ಲ ಹಾಗೇ ಇಟ್ಟು ತಂತಿ ಮಾತ್ರ 0.6 ಮಾಡಿ, 1.28, ಎರಡರಷ್ಟಕ್ಕಿಂತ ಜಾಸ್ತಿ! ಕಣ್ಣಿಗೆ ಎರಡೂ ಒಂದೇ ಥರ ಕಾಣತ್ತೆ, ಕೈಗೆ ಬೇರೆಬೇರೆ ಕೀ. ಅದಕ್ಕೇ ಡಬ್ಬೀಲಿ ಸಿಕ್ಕ ಯಾವುದೋ ಸ್ಪ್ರಿಂಗ್ ಹಾಕೋದಕ್ಕೆ ಮುಂಚೆ ತಂತಿ ದಪ್ಪ ಅಳೆದು ನೋಡಿ.

ಮೆತ್ತಗಿನ ಉದ್ದ ಸ್ಪ್ರಿಂಗ್‌ನ 4 ಮಿ.ಮೀ. ಅದುಮಿ ಇಟ್ರೆ ಅದು ಸುಮಾರು 2.5 ನ್ಯೂಟನ್ ತಳ್ಳತ್ತೆ, 20ಕ್ಕೂ 80ಕ್ಕೂ ನಾಲ್ಕರ ಅನುಪಾತ, ಹಾಗಾಗಿ ನಾಬ್ ಹತ್ರ 0.62 ನ್ಯೂಟನ್, ಅಂದ್ರೆ ಸುಮಾರು 63 ಗ್ರಾಂ ತೂಕ. ಸ್ಪ್ರಿಂಗ್ ಸ್ಕ್ರೂನ ಒಂದು ಸುತ್ತು 0.7 ಮಿ.ಮೀ., ಅದು ನಾಬ್‌ಗೆ 11 ಗ್ರಾಂ. ಇದೇ ಜಾಗಕ್ಕೆ 0.6 ತಂತಿಯ ಸ್ಪ್ರಿಂಗ್ ಹಾಕಿದ್ರೆ ಒಂದು ಸುತ್ತಿಗೆ 23 ಗ್ರಾಂ. ಮೆತ್ತಗಿನ ಸ್ಪ್ರಿಂಗ್ ಅಂದ್ರೆ ಮೆತ್ತಗಿನ ಕೀ ಅಂತ ತಪ್ಪು ತಿಳ್ಕೋಬೇಡಿ, ಅದನ್ನೇ 10 ಮಿ.ಮೀ. ಅದುಮಿ 150 ಗ್ರಾಂ ದಾಟಿಸಬಹುದು. ಅದರ ಲಾಭ ಏನಂದ್ರೆ ಅಡ್ಜಸ್ಟ್‌ಮೆಂಟ್ ನಿಧಾನಕ್ಕೆ ಬದಲಾಗತ್ತೆ.

ಇನ್ನೊಂದು ದೊಡ್ಡ ಲಾಭ ನಮ್ಮ ಮೊದಲ ಮಾತಿಗೇ ಬರತ್ತೆ. ಹಿಂದಿನ ಸ್ಟಾಪ್ ಒಂದು ಹತ್ತನೇ ಮಿ.ಮೀ. ಏರಿಸಿ ಇಳಿಸಿದ್ರೆ ಲಿವರ್ ಸ್ವಲ್ಪ ವಾಲತ್ತೆ, ಸ್ಪ್ರಿಂಗ್ ಇರೋ ಕಡೆ 0.05 ಮಿ.ಮೀ. ಬದಲಾಗತ್ತೆ, ನಾಬ್‌ನಲ್ಲಿ ಅದು ಒಂದು ಗ್ರಾಂ ಕೂಡ ಇಲ್ಲ. ಬೆರಳಿಗೆ ತಿಳಿಯೋದೇ ಇಲ್ಲ. ಅಂದ್ರೆ ಗ್ಯಾಪ್ ಬದಲಾಯಿಸಿದ್ರೆ ಬಿಗಿ ಬದಲಾಗಲ್ಲ. ಇದೇ ಹತ್ತು ಪಟ್ಟು ಗಟ್ಟಿ ಇರೋ ಗಿಡ್ಡ ಸ್ಪ್ರಿಂಗ್ ಆಗಿದ್ರೆ ಎಂಟು ಗ್ರಾಂ ಜರುಗ್ತಿತ್ತು, ನಿಮಗೆ ಯಾಕೆ ಅಂತ ಗೊತ್ತಾಗದೆ ಮತ್ತೆ ಸ್ಪ್ರಿಂಗ್ ತಿರುಗಿಸ್ತಾ ಕೂರ್ತಿದ್ರಿ. ಎರಡು ಅಡ್ಜಸ್ಟ್‌ಮೆಂಟ್ ಒಂದಕ್ಕೊಂದು ತೊಡರ್ಕೊಳ್ಳೋದಕ್ಕೆ ಮುಖ್ಯ ಕಾರಣ ಗಿಡ್ಡ ಗಟ್ಟಿ ಸ್ಪ್ರಿಂಗ್ ಅಂತ ನನಗೆ ಈ ಲೆಕ್ಕ ಹಾಕಿದ ಮೇಲೇನೇ ಅರ್ಥ ಆಗಿದ್ದು.

ಸ್ಪ್ರಿಂಗ್‌ನ ಹಿಂದೆ ಮುಂದೆ ಜರುಗಿಸೋ ಹಾಗೆ ಲಿವರ್‌ನಲ್ಲಿ ಉದ್ದ ತೋಡು ಕೊರೆದ್ರೆ ಹೇಗೆ ಅಂತ ಒಬ್ಬರು ಕೇಳಿದ್ರು. ಒಳ್ಳೇ ಪ್ರಶ್ನೆ, ನಾನೂ ಅದನ್ನ ಕೊರೆದಿದ್ದೆ ಎರಡನೇ ಕೀನಲ್ಲಿ. ಸ್ಪ್ರಿಂಗ್ 20ರಿಂದ 30ಕ್ಕೆ ಹೋದ್ರೆ ನಾಬ್‌ನಲ್ಲಿ ಕಾಣೋ ಗಡಸುತನ ದೂರದ ವರ್ಗಕ್ಕೆ ಏರತ್ತೆ, ಎರಡೂಕಾಲು ಪಟ್ಟು. ಕೇಳೋಕೆ ಜಾಸ್ತಿ. ಆದ್ರೆ ನಾಬ್ ಓಡಾಡೋದು ಅರ್ಧ ಮಿ.ಮೀ., ಅಷ್ಟು ದೂರದಲ್ಲಿ ಆ ಗಡಸುತನದಿಂದ ಬರೋ ವ್ಯತ್ಯಾಸ ಐದು ಗ್ರಾಂ ಮೀರಲ್ಲ, ಮೊದಲೇ ಅದುಮಿಟ್ಟಿರೋ 63 ಗ್ರಾಂ ಮುಂದೆ ಅದು ಕಳೆದುಹೋಗತ್ತೆ. ಕೈಗೆ ತಿಳಿಯೋದು ಆ ಮೊದಲಿನ ಅದುಮು. ಮೂರನೇದರಲ್ಲಿ ತೋಡು ಬಿಟ್ಬಿಟ್ಟೆ, ಬರೀ ಒಂದು ಸ್ಕ್ರೂ.

ಈ ಗ್ರಾಂ ಲೆಕ್ಕನ ಅಳೆಯೋದು ಹೇಗೆ ಅಂದ್ರೆ ಇಡೀ ಕೀನ ಡಿಜಿಟಲ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಮಲ್ಟಿಮೀಟರ್‌ನ ಬೀಪ್‌ಗೆ ಇಟ್ಟು ಕಾಂಟ್ಯಾಕ್ಟ್‌ಗೆ ಸಿಗಿಸಿ, ಒಂದು ಕಡ್ಡೀಲಿ ನಾಬ್ ನಡುವೆ ನಿಧಾನ ಒತ್ತಿ. ಬೀಪ್ ಅಂದ ಕ್ಷಣ ತಕ್ಕಡಿ ಎಷ್ಟು ತೋರಿಸತ್ತೋ ಅದೇ ನಿಮ್ಮ ಬಿಗಿ. ತಂತಿಗಳು ಎಳೀದೇ ಇರೋ ಹಾಗೆ ನೋಡ್ಕೊಳ್ಳಿ ಅಷ್ಟೇ.

ಪಿವಟ್ ಬಗ್ಗೆ. ಹಳೇ ಕೀಗಳಲ್ಲಿ ಹಿತ್ತಾಳೆ ಲಿವರ್‌ಗೆ ಉಕ್ಕಿನ ಕಡ್ಡಿ ಹೊಡೆದು ಕೂರಿಸ್ತಿದ್ರು, ಬಡಿದೂ ಬಡಿದೂ ಅದು ಸಡಿಲ ಆಗೋದು. 1881ರಲ್ಲಿ ಅಮೆರಿಕಾದ ತಂತಿ ಉಪಕರಣ ತಯಾರಕ ಬನೆಲ್ ಪೇಟೆಂಟ್ ತಗೊಂಡ ಸ್ಟೀಲ್ ಲಿವರ್ ಕೀನಲ್ಲಿ ಲಿವರ್ರೂ ಅಡ್ಡ ಕಡ್ಡೀನೂ ಒಂದೇ ಉಕ್ಕಿನ ತುಂಡು, ಸಡಿಲ ಆಗೋಕೆ ಜಾಗವೇ ಇಲ್ಲ. ಅದನ್ನ ನೋಡಿದಾಗೆಲ್ಲ ಇಷ್ಟ ಆಗತ್ತೆ ನನಗೆ, ತೊಂದ್ರೆ ಕೊಡೋ ಜೋಡಣೆಯನ್ನ ಗಟ್ಟಿ ಮಾಡೋಕೆ ಹೋಗದೆ ಜೋಡಣೇನೇ ತೆಗೆದು ಹಾಕಿದ್ರು. ನಾನು ಮಾಡಿದ್ದು 3 ಮಿ.ಮೀ. ಕಡ್ಡಿ, ಅದಕ್ಕೆ ಹೊಂದೋ 623 ನಂಬರ್‌ನ ಎರಡು ಬಾಲ್ ಬೇರಿಂಗ್, ಒಂದು ಕಡೆಯಿಂದ ಸ್ಕ್ರೂ ಒತ್ತಿ ಬೇರಿಂಗ್‌ಗಳ ಪ್ಲೇ, ಅಂದ್ರೆ ಸಡಿಲ, ಹೋಗೋ ಹಾಗೆ ಮಾಡಿದೀನಿ, ತುಂಬ ಒತ್ತಿದ್ರೆ ಬೇರಿಂಗ್ ಗರಗರ ಅನ್ನತ್ತೆ, ಲಿವರ್‌ನ ಪಕ್ಕಕ್ಕೆ ಅಲ್ಲಾಡಿಸಿದ್ರೆ ಅಲ್ಲಾಡಬಾರ್ದು ಅಷ್ಟಿದ್ರೆ ಸಾಕು. ಎರಡು ಕಡೆ ಚೂಪು ಸ್ಕ್ರೂಗಳ ಮಧ್ಯೆ ಲಿವರ್ ತೂಗೋ ಮೊನೆ ಸ್ಕ್ರೂ ಪಿವಟ್ ಕೂಡ ಒಳ್ಳೇದೇ, ಸವೆದ ಹಾಗೆಲ್ಲ ಮತ್ತೆ ಮತ್ತೆ ಹೊಂದಿಸ್ಬೇಕು ಅಷ್ಟೇ.

ಆದ್ರೆ ಇಲ್ಲೊಂದು ಎಚ್ಚರ. ಬೇರಿಂಗ್ ಮೂಲಕ ಕರೆಂಟ್ ಹೋಗ್ಲಿ ಅಂತ ಬಿಡಬೇಡಿ. ಒಳಗೆ ಗ್ರೀಸ್ ಇದೆ, ಗುಂಡುಗಳು ಒಂದು ಬಿಂದುವಲ್ಲಿ ಮುಟ್ಟತ್ವೆ, ಇವತ್ತು ಕೆಲಸ ಮಾಡತ್ತೆ ನಾಳೆ ಕರಕರ. ಲಿವರ್‌ನಿಂದ ಟರ್ಮಿನಲ್‌ಗೆ ಮೆತ್ತಗಿನ ಹೆಣೆದ ತಾಮ್ರ ಹಾಕಿ, ಬೆಸುಗೆ ತೆಗೆಯೋಕೆ ಬಳಸೋ ಡಿಸೋಲ್ಡರಿಂಗ್ ಬ್ರೇಡ್ ಇದಕ್ಕೆ ಹೇಳಿ ಮಾಡಿಸಿದ ಹಾಗಿರತ್ತೆ. ಅದನ್ನ ಪಿವಟ್‌ಗೆ ಆದಷ್ಟು ಹತ್ರ ಸಡಿಲವಾದ ಕುಣಿಕೆ ಮಾಡಿ ಕೂರಿಸಿ, ದೂರ ಹಾಕಿದ್ರೆ ಅದೇ ಇನ್ನೊಂದು ಸ್ಪ್ರಿಂಗ್ ಆಗಿಬಿಡತ್ತೆ, ಬೆಸುಗೆ ಅದರೊಳಗೆ ಹರಿದು ಗಟ್ಟಿಯಾಗದ ಹಾಗೂ ನೋಡ್ಕೊಳ್ಳಿ.

ಕಾಂಟ್ಯಾಕ್ಟ್‌ಗೆ ಬೆಳ್ಳಿ. ಹಳೇ ರಿಲೇ ಒಡೆದ್ರೆ ಬೆಳ್ಳಿ ಮಿಶ್ರಲೋಹದ ಪುಟ್ಟ ರಿವೆಟ್‌ಗಳು ಸಿಗತ್ವೆ. ಒಂದು ಉಬ್ಬಿರಲಿ ಇನ್ನೊಂದು ಚಪ್ಪಟೆ ಇರಲಿ, ಎರಡೂ ಚಪ್ಪಟೆ ಇದ್ರೆ ಅಂಚಲ್ಲಿ ಮುಟ್ಟಿ ಗ್ಯಾಪ್ ಅಳತೆಗೇ ಅರ್ಥ ಇಲ್ದೆ ಹೋಗತ್ತೆ. ಟಂಗ್‌ಸ್ಟನ್ ಹಾಕ್ಬಹುದಾ ಅಂತ ಕೇಳಿದ್ರು, ಅದು ಕಿಡಿ ತಡ್ಕೊಳತ್ತೆ ಆದ್ರೆ ಮೇಲೆ ಆಕ್ಸೈಡ್ ಕಟ್ಟತ್ತೆ, ಈಗಿನ ರೇಡಿಯೋಗಳು ಕೀ ಮೇಲೆ ಕೊಡೋ ಕೆಲವೇ ವೋಲ್ಟ್, ಕೆಲವೇ ಮಿಲಿಆಂಪ್‌ಗೆ ಅದನ್ನ ಭೇದಿಸೋ ಶಕ್ತಿ ಇಲ್ಲ. ಹಳೇ ವಾಲ್ವ್ ಟ್ರಾನ್ಸ್‌ಮಿಟರ್‌ಗಳಲ್ಲಿ ಕೀ ಮೇಲೆ ಅಪಾಯದಷ್ಟು ವೋಲ್ಟೇಜ್ ಇರ್ತಿತ್ತು, ನಾಬ್ ಕೆಳಗೆ ಅಗಲವಾದ ಬಿಲ್ಲೆ ಇರೋ ನೇವಿ ನಾಬ್ ಬೆರಳು ಲೋಹಕ್ಕೆ ತಾಗದಿರೋಕೂ ಸಹಾಯ ಮಾಡತ್ತೆ, ಬೆರಳಿಗೆ ಆಸರೆನೂ ಹೌದು. ಹಳೇ ಸೆಟ್‌ಗೆ ಕೀ ಸೇರಿಸೋರು ಮೊದ್ಲು ಮೀಟರ್ ಇಟ್ಟು ನೋಡಿ, ದಯವಿಟ್ಟು. ಶುಚಿ ಮಾಡೋಕೆ ಅರ ಬೇಡ, ಎಮರಿ ಪೇಪರ್ ಬೇಡ, ಬಿಳೀ ಕಾಗದದ ಪಟ್ಟಿ ಮಧ್ಯೆ ಇಟ್ಟು ಮೆಲ್ಲಗೆ ಒತ್ತಿ ಎಳೆದ್ರೆ ಸಾಕು.

ತಳಕ್ಕೆ ತೂಕ ಬೇಕು. 140 ಉದ್ದ, 80 ಅಗಲ, 12 ಮಿ.ಮೀ. ದಪ್ಪದ ಉಕ್ಕಿನ ತಟ್ಟೆ ಒಂದು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ ತೂಗತ್ತೆ, ಅದಕ್ಕಿಂತ ಹಗುರ ಮಾಡಿದ್ರೆ ಮೇಜಿಗೆ ಸ್ಕ್ರೂ ಹಾಕ್ಬೇಕು. ಕೆಳಗೆ ತೆಳು ರಬ್ಬರ್ ಶೀಟ್ ಇಡೀ ತಳಕ್ಕೆ ಅಂಟಿಸಿ, ಎತ್ತರದ ಮೆತ್ತಗಿನ ಕಾಲು ಹಾಕಿದ್ರೆ ಇಡೀ ಕೀ ಕುಣಿಯತ್ತೆ. ನಾಬ್ ಎತ್ತರ ನಿಮ್ಮ ಅಭ್ಯಾಸದ ಮೇಲೆ ಹೋಗತ್ತೆ, ಅಮೆರಿಕಾ ಕಡೆ ಕೀನ ಮೇಜಿನ ಒಳಗಿಟ್ಟು ಮುಂಗೈನ ಮೇಜಿಗೆ ಊರಿ ಬಡೀತಾರೆ, ಅದಕ್ಕೆ ನಾಬ್ ತಗ್ಗಲ್ಲಿರ್ಬೇಕು, ಯೂರೋಪ್ ಕಡೆ ಮೇಜಿನ ಅಂಚಿಗಿಟ್ಟು ತೋಳನ್ನ ಗಾಳೀಲೇ ಇಟ್ಕೊಂಡು ಮಣಿಕಟ್ಟಿಂದ ಬಡಿಯೋರು ಜಾಸ್ತಿ, ಅವರಿಗೆ ಎತ್ತರ ಬೇಕು. ನಾಬ್‌ನ ಥ್ರೆಡ್ ಕಡ್ಡಿ ಮೇಲೆ ಕೂರಿಸಿದ್ರೆ ಎರಡೂ ಆಗತ್ತೆ.

ಹೊಂದಿಸೋ ಕ್ರಮ ಬಹಳ ಜನ ತಪ್ಪು ಮಾಡ್ತಾರೆ, ಮೊದ್ಲೇ ಸ್ಪ್ರಿಂಗ್ ಮುಟ್ತಾರೆ. ಮೊದ್ಲು ಬೇರಿಂಗ್ ಪ್ಲೇ, ಆಮೇಲೆ ಕಾಂಟ್ಯಾಕ್ಟ್ ನೇರ ಕೂತಿದ್ಯಾ ಅಂತ ಬೆಳಕಿಗೆ ಹಿಡಿದು ನೋಡೋದು, ಆಮೇಲೆ ಗ್ಯಾಪ್, ಕೊನೆಗೆ ಸ್ಪ್ರಿಂಗ್. ಸಂದು ಅಳೆಯೋ ತೆಳು ಪಟ್ಟಿಗಳು, ಅಂದ್ರೆ ಫೀಲರ್ ಗೇಜ್, ಇಲ್ದಿದ್ರೆ ಸಾಮಾನ್ಯ ಪ್ರಿಂಟರ್ ಕಾಗದ ಒಂದು ಹಾಳೆ ಸುಮಾರು 0.1 ಮಿ.ಮೀ., ಎರಡು ಹಾಳೆ ಮಧ್ಯೆ ಇಟ್ಟು ತುಸು ತಡೆದು ಜಾರೋ ಹಾಗೆ ಮಾಡಿ ಶುರು ಮಾಡಿ. ಹೊಸಬರು ಮೂರು ಹಾಳೆ ಇಟ್ರೂ ಪರವಾಗಿಲ್ಲ. ಸ್ಪ್ರಿಂಗ್‌ನ ಬಿಗಿ ಮಾಡ್ತಾ ಹೋಗಿ, ಎಸ್, ಎಚ್, 5 ಇವನ್ನ ಒಂದೇ ಸಮ ಬಡೀರಿ, ಡಿಟ್‌ಗಳು ಬಿಡಿಬಿಡಿಯಾಗಿ ಕೇಳಿಸೋ ಮೊದಲನೇ ಜಾಗ ಸಿಕ್ಕಿದ ತಕ್ಷಣ ನಿಲ್ಸಿ. ಅದಕ್ಕಿಂತ ಜಾಸ್ತಿ ಬಿಗಿ ನಿಮ್ಮ ಸ್ನಾಯುಗೆ ಬರೀ ಭಾರ.

ಮಾತು ಮುಗಿದ ಮೇಲೆ ಕೀ ಕೈಯಿಂದ ಕೈಗೆ ಹೋಯ್ತು, ನೀವೆಲ್ಲ ತಿರುಗಿಸಿ ನೋಡಿದ್ರಿ, ಹಿರಿಯರೊಬ್ಬರು ಗ್ಯಾಪ್‌ನ ಪೂರ್ತಿ ಆರು ಗೆರೆ ಬಿಚ್ಚಿ ಸ್ಪ್ರಿಂಗ್‌ನ ಮೂರು ಸುತ್ತು ಬಿಗಿ ಮಾಡ್ಕೊಂಡು ಎಷ್ಟು ಚೆಂದ ಬಡಿದ್ರು, ನನ್ನ ಕೈಗೆ ಆ ಹದದಲ್ಲಿ ಒಂದು ಪದಾನೂ ಬರ್ತಿರ್ಲಿಲ್ಲ. ಮನೆಗೆ ತಂದು ಆರು ಗೆರೆ ವಾಪಸ್, ಮೂರು ಸುತ್ತು ವಾಪಸ್. ಎರಡು ಹಾಳೆ ಇಟ್ಟು ನೋಡಿದೆ, ಅದೇ ತಡೆ. ತಕ್ಕಡಿ ಮೇಲಿಟ್ಟೆ, 64 ಗ್ರಾಂ.